ಮೊಸಾದೆಗ್: ಲಂಡನ್, ವಾಷಿಂಗ್ಟನ್ ಒಂದಾದಾಗ ಉರುಳಿದ ಪ್ರಧಾನಿ

ಪರ್ಷಿಯಾದ ನೆಲದಲ್ಲಿ ತೈಲ ಚಿಮ್ಮಿದಂದಿನಿಂದ ಆ ನಾಡಿನ ಹಣೆಬರಹವನ್ನು ಅಲ್ಲಿಯ ಜನರಿಗಿಂತ ಹೆಚ್ಚಾಗಿ ದೂರದ ರಾಜಧಾನಿಗಳೇ ಬರೆಯುತ್ತ ಬಂದವು. ಮೊದಲು ಲಂಡನ್, ಅನಂತರ ವಾಷಿಂಗ್ಟನ್. ಈ ಎರಡೂ ರಾಜಧಾನಿಗಳಿಗೆ ಒಮ್ಮತ ಮೂಡದೆ ಇದ್ದ ಎರಡು ವರ್ಷಗಳ ಅಲ್ಪಾವಧಿಯಲ್ಲಿ ಇರಾನ್ ತನ್ನ ತೈಲಕ್ಕೆ ತಾನೇ ಒಡೆಯನಾಗಿತ್ತು. ಅವು ಒಂದಾದೊಡನೆ ಆ ಅಧ್ಯಾಯವೂ ಮುಗಿಯಿತು. ಆ ಎರಡು ವರ್ಷಗಳ ಪ್ರಧಾನಿ ಡಾ. ಮೊಹಮ್ಮದ್ ಮೊಸಾದೆಗ್.

1882ರ ಜೂನ್ 16ರಂದು ಟೆಹರಾನಿನಲ್ಲಿ ಜನಿಸಿದ ಮೊಸಾದೆಗ್ ಅವರದು ಅರಮನೆಗೆ ಹತ್ತಿರದ ಮನೆತನ. ತಾಯಿ ಕಾಜಾರ್ ರಾಜವಂಶದ ಕುವರಿ. ತಂದೆ ಹಣಕಾಸು ಖಾತೆಯ ಹಿರಿಯ ಅಧಿಕಾರಿ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗನಿಗೆ ಷಾ ನಾಸಿರುದ್ದೀನ್ ದಯಪಾಲಿಸಿದ ಬಿರುದೇ ಮೊಸಾದೆಗ್. ಮುಂದೆ ದೇಶದಲ್ಲಿ ಬಿರುದುಗಳು ರದ್ದಾದಾಗ ಅದೇ ಮನೆತನದ ಹೆಸರಾಗಿ ಉಳಿಯಿತು. ಮೀಸೆ ಚಿಗುರುವ ವಯಸ್ಸಿನಲ್ಲೇ ಖೊರಾಸಾನ್ ಪ್ರಾಂತ್ಯದ ಕಂದಾಯ ಲೆಕ್ಕಪತ್ರಗಳ ಹೊಣೆ ಅವರ ಹೆಗಲಿಗೆ ಬಿತ್ತು. 1906ರ ಸಂವಿಧಾನ ಕ್ರಾಂತಿಯ ಫಲವಾಗಿ ಹುಟ್ಟಿದ ಪ್ರಥಮ ಮಜ್ಲಿಸ್‌ಗೆ ಇಸ್ಫಹಾನಿನಿಂದ ಆಯ್ಕೆಯಾದರೂ ಸದಸ್ಯತ್ವಕ್ಕೆ ಬೇಕಾದ 30 ವರ್ಷ ತುಂಬಿಲ್ಲವೆಂಬ ಕಾರಣಕ್ಕೆ ಸಭೆಯಲ್ಲಿ ಕೂರಲಾಗಲಿಲ್ಲ. ಬಳಿಕ ಪ್ಯಾರಿಸ್, ಅಲ್ಲಿಂದ ಸ್ವಿಟ್ಜರ್ಲೆಂಡಿನ ನ್ಯೂಷಾಟೆಲ್. 1914ರಲ್ಲಿ ಕಾನೂನಿನ ಡಾಕ್ಟರೇಟ್. ಜೀವಮಾನವಿಡೀ ಬಾಧಿಸಿದ ಅನಾರೋಗ್ಯ ಆ ದಿನಗಳಲ್ಲೇ ಅವರಿಗೆ ಅಂಟಿಕೊಂಡಿತ್ತು.

ಅವರು ಬೆಳೆದ ಇರಾನ್ ಹೆಸರಿಗಷ್ಟೇ ಸ್ವತಂತ್ರವಾಗಿತ್ತು. 1907ರಲ್ಲಿ ಬ್ರಿಟನ್ ಮತ್ತು ರಷ್ಯಾ ಇರಾನನ್ನು ಒಂದು ಮಾತೂ ಕೇಳದೆ ಆ ದೇಶವನ್ನು ತಮ್ಮ ತಮ್ಮ ಪ್ರಭಾವವಲಯಗಳಾಗಿ ಹಂಚಿಕೊಂಡವು. ಸೈನ್ಯ ಹಾಗೂ ಹಣಕಾಸಿನ ಮೇಲ್ವಿಚಾರಣೆಯನ್ನು ಬ್ರಿಟಿಷರ ಕೈಗಿಡಲು ಹೊರಟ 1919ರ ಒಪ್ಪಂದವನ್ನು ಮೊಸಾದೆಗ್ ಸ್ವಿಟ್ಜರ್ಲೆಂಡಿನಿಂದಲೇ ವಿರೋಧಿಸಿದರು. ರಾಜ್ಯಪಾಲ, ಹಣಕಾಸು ಸಚಿವ, ವಿದೇಶಾಂಗ ಸಚಿವ ಹೀಗೆ ಹಲವು ಹುದ್ದೆಗಳನ್ನು ನಿರ್ವಹಿಸಿದರೂ, 1925ರಲ್ಲಿ ಸೇನಾನಿ ರೆಜಾ ಖಾನ್ ಸಿಂಹಾಸನವೇರಲು ಹೊರಟಾಗ ಮಜ್ಲಿಸ್‌ನಲ್ಲಿ ಎದ್ದು ನಿಂತು ವಿರೋಧಿಸಿದ ಬೆರಳೆಣಿಕೆಯ ಸದಸ್ಯರಲ್ಲಿ ಅವರೊಬ್ಬರು. ಅದರ ಬೆಲೆಯನ್ನೂ ತೆರಬೇಕಾಯಿತು: ದೀರ್ಘಕಾಲದ ರಾಜಕೀಯ ವನವಾಸ, 1940ರಲ್ಲಿ ಬಂಧನ. 1941ರಲ್ಲಿ ಬ್ರಿಟಿಷ್ ಮತ್ತು ಸೋವಿಯತ್ ಪಡೆಗಳು ದೇಶಕ್ಕೆ ನುಗ್ಗಿ ರೆಜಾ ಷಾ ಪದತ್ಯಾಗ ಮಾಡಿದ ನಂತರವೇ ಅವರು ಮತ್ತೆ ಸಾರ್ವಜನಿಕ ಬದುಕಿಗೆ ಮರಳಿದ್ದು.

ಮರಳಿದವರು ಒಂದು ಸ್ಪಷ್ಟ ನೀತಿಯೊಡನೆ ಮರಳಿದರು. ಉತ್ತರದ ನೆರೆಯವನಿಗೆ ಒಂದು ಸವಲತ್ತು ಕೊಟ್ಟು, ದಕ್ಷಿಣದವನನ್ನು ಸಮಾಧಾನಪಡಿಸಲು ಅವನಿಗೂ ಒಂದು ಕೊಡುವ ಹಳೆಯ ಪದ್ಧತಿಯನ್ನು ಅವರು ತಿರಸ್ಕರಿಸಿದರು. ಯಾರಿಗೂ ಏನನ್ನೂ ಕೊಡದಿರುವುದೇ ನಿಜವಾದ ಸಮತೋಲನ ಎಂಬುದು ಅವರ ವಾದ. ಮಜ್ಲಿಸ್‌ನ ಒಪ್ಪಿಗೆಯಿಲ್ಲದೆ ಯಾವ ಮಂತ್ರಿಯೂ ಪರದೇಶಿಯರೊಡನೆ ತೈಲದ ವ್ಯವಹಾರ ಕುದುರಿಸಕೂಡದೆಂಬ 1944ರ ಶಾಸನ ಅವರ ಪ್ರಯತ್ನದ ಫಲ. 1947ರಲ್ಲಿ ಸೋವಿಯತ್ ಒಕ್ಕೂಟದ ತೈಲ ಬೇಡಿಕೆ ಮಜ್ಲಿಸ್‌ನಲ್ಲಿ ತಿರಸ್ಕೃತವಾದದ್ದು ಆ ಶಾಸನದ ಬಲದಿಂದಲೇ. ಮುಂದೆ ಈ ಮನುಷ್ಯನನ್ನೇ ಕಮ್ಯುನಿಸ್ಟರ ಬಾಗಿಲು ಕಾಯುವವನೆಂದು ಬಣ್ಣಿಸಿದವರು ಈ ಸಂಗತಿಯನ್ನು ನೆನೆಯಲು ಇಷ್ಟಪಡಲಿಲ್ಲ.

ಇನ್ನು ತೈಲದ ಮಾತು. 1901ರಲ್ಲಿ ವಿಲಿಯಂ ಡಾರ್ಸಿ ಎಂಬ ಉದ್ಯಮಿ 60 ವರ್ಷಗಳ ಅವಧಿಗೆ ಇರಾನಿನ ಬಹುಭಾಗದ ತೈಲದ ಹಕ್ಕನ್ನು ಪಡೆದಿದ್ದ. ಅದಕ್ಕೆ ಪ್ರತಿಯಾಗಿ ಇರಾನಿಗೆ ಸಿಕ್ಕಿದ್ದು 20,000 ಪೌಂಡ್ ನಗದು, ಅಷ್ಟೇ ಮೌಲ್ಯದ ಷೇರು ಮತ್ತು ನಿವ್ವಳ ಲಾಭದ ಶೇ. 16ರ ಪಾಲು. 1908ರಲ್ಲಿ ಮಸ್ಜಿದ್ ಸುಲೇಮಾನ್‌ನಲ್ಲಿ ತೈಲ ದೊರೆಯಿತು. ಕಲ್ಲಿದ್ದಲಿನಿಂದ ತೈಲಕ್ಕೆ ಹೊರಳುತ್ತಿದ್ದ ತನ್ನ ನೌಕಾಪಡೆಗಾಗಿ ಬ್ರಿಟಿಷ್ ಸರ್ಕಾರ 1914ರಲ್ಲಿ ಕಂಪನಿಯ ಬಹುಪಾಲು ಷೇರುಗಳನ್ನು ಕೊಂಡಿತು. ಆ ಖರೀದಿಯ ಹಿಂದಿದ್ದವರು ಅಂದಿನ ನೌಕಾ ಸಚಿವ ವಿನ್‌ಸ್ಟನ್ ಚರ್ಚಿಲ್. ಕೊಲ್ಲಿಯ ತುದಿಯ ಅಬಾದಾನ್‌ನಲ್ಲಿ ಎದ್ದು ನಿಂತ ಶುದ್ಧೀಕರಣಾಗಾರ ಜಗತ್ತಿನಲ್ಲೇ ದೊಡ್ಡದೆನಿಸಿತು. ಅದರ ಸುತ್ತ ಇರಾನಿ ಕೂಲಿಗಳು ಗುಡಿಸಲುಗಳಲ್ಲಿ ಬದುಕಿದರು. ಎರಡನೆಯ ಮಹಾಯುದ್ಧದ ನಂತರ ಕಂಪನಿಯು ಬ್ರಿಟಿಷ್ ಬೊಕ್ಕಸಕ್ಕೆ ತೆರಿಗೆಯಾಗಿ ತೆತ್ತ ಹಣ ತೈಲದ ಒಡೆಯನಾದ ಇರಾನಿಗೆ ಕೊಟ್ಟ ರಾಯಧನಕ್ಕಿಂತ ಎಷ್ಟೋ ಹೆಚ್ಚಾಗಿತ್ತು. 1950ರ ಡಿಸೆಂಬರಿನಲ್ಲಿ ನೆರೆಯ ಸೌದಿ ಅರೇಬಿಯಾದಲ್ಲಿ ಅಮೆರಿಕದ ಕಂಪನಿಗಳು ಲಾಭದ ಅರ್ಧ ಪಾಲಿಗೆ ಒಪ್ಪಿಕೊಂಡಾಗ ಇರಾನಿನ ಅಸಮಾಧಾನಕ್ಕೆ ಕಿಡಿ ತಾಗಿತು. 1951ರ ಮಾರ್ಚ್‌ನಲ್ಲಿ ಮಜ್ಲಿಸ್ ಮತ್ತು ಸೆನೆಟ್ ರಾಷ್ಟ್ರೀಕರಣಕ್ಕೆ ಮುದ್ರೆಯೊತ್ತಿದವು. ಏಪ್ರಿಲ್ 28ರಂದು ಮೊಸಾದೆಗ್ ಪ್ರಧಾನಿಯಾದರು.

ಲಂಡನ್ನಿನಲ್ಲಿ ಆಗ ಅಧಿಕಾರದಲ್ಲಿದ್ದುದು ಲೇಬರ್ ಪಕ್ಷ. ತನ್ನ ದೇಶದ ಕಲ್ಲಿದ್ದಲು ಗಣಿ, ರೈಲ್ವೆಗಳನ್ನೆಲ್ಲ ರಾಷ್ಟ್ರೀಕರಿಸಿದ ಪಕ್ಷವೇ ಇರಾನ್ ತನ್ನ ತೈಲವನ್ನು ರಾಷ್ಟ್ರೀಕರಿಸಿದ್ದನ್ನು ಸಹಿಸಲಿಲ್ಲ. ಅಬಾದಾನನ್ನು ಸೇನಾಬಲದಿಂದ ವಶಪಡಿಸಿಕೊಳ್ಳುವ ಯೋಜನೆಯೂ ಸಿದ್ಧವಾಯಿತು. ಅದನ್ನು ತಡೆದದ್ದು ಅಮೆರಿಕ. ಅಧ್ಯಕ್ಷ ಟ್ರೂಮನ್ ಅವರ ಸರ್ಕಾರ ಕೊರಿಯಾದ ಯುದ್ಧದಲ್ಲಿ ಮುಳುಗಿತ್ತು. ಬ್ರಿಟಿಷ್ ಸೈನ್ಯ ದಕ್ಷಿಣದಲ್ಲಿ ಇಳಿದರೆ 1921ರ ಒಪ್ಪಂದದ ನೆಪ ಹೇಳಿ ಸೋವಿಯತ್ ಸೈನ್ಯ ಉತ್ತರದಿಂದ ನುಗ್ಗೀತೆಂಬ ಅಂಜಿಕೆ ಅದಕ್ಕಿತ್ತು. ಬ್ರಿಟನ್ನಿಗೆ ತೈಲ ಮುಖ್ಯ, ಅಮೆರಿಕಕ್ಕೆ ಕಮ್ಯುನಿಸಂ ತಡೆಯುವುದು ಮುಖ್ಯ. ಮಿತ್ರರಿಬ್ಬರ ಆದ್ಯತೆಗಳ ನಡುವಿನ ಈ ಅಂತರದಲ್ಲೇ ಮೊಸಾದೆಗ್ ಅವರಿಗೆ ಉಸಿರಾಡಲು ಜಾಗ ದೊರಕಿತು. ಅಮೆರಿಕವೇನೂ ಇರಾನಿನ ಪಕ್ಷ ವಹಿಸಿರಲಿಲ್ಲ. ಅರ್ಧ ಪಾಲಿಗಿಂತ ಹೆಚ್ಚು ಇರಾನಿಗೆ ಸಿಕ್ಕರೆ ತನ್ನ ಕಂಪನಿಗಳ ಒಪ್ಪಂದಗಳೂ ಅಲುಗಾಡುತ್ತವೆಂಬ ಲೆಕ್ಕ ಅದಕ್ಕೂ ಇತ್ತು. 1951ರ ಅಕ್ಟೋಬರ್ ಆರಂಭದಲ್ಲಿ ಕಂಪನಿಯ ಕಟ್ಟಕಡೆಯ ಬ್ರಿಟಿಷ್ ನೌಕರರು ಅಬಾದಾನ್ ಬಿಟ್ಟು ಯುದ್ಧನೌಕೆಯೇರಿದರು.

ಬ್ರಿಟನ್ ಭದ್ರತಾ ಮಂಡಳಿಗೆ ದೂರು ಒಯ್ದಿತು. ಉತ್ತರ ಕೊಡಲು ಮೊಸಾದೆಗ್ ತಾವೇ ನ್ಯೂಯಾರ್ಕಿಗೆ ಹೋದರು. ಇಲ್ಲಿ ಕನ್ನಡನಾಡಿನವರು ನೆನೆಯಬೇಕಾದ ಒಂದು ಸಂಗತಿಯಿದೆ. ಆಗ ಮಂಡಳಿಯ ಸದಸ್ಯನಾಗಿದ್ದ ಭಾರತದ ಪ್ರತಿನಿಧಿ ಮಂಗಳೂರು ಮೂಲದ ಬೆನಗಲ್ ನರಸಿಂಗ ರಾಯರು. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು. ಬ್ರಿಟಿಷ್ ನಿರ್ಣಯದ ಬಿಗಿಯನ್ನು ಸಡಿಲಿಸುವ ತಿದ್ದುಪಡಿಗಳನ್ನು ಭಾರತ ಮತ್ತು ಯುಗೊಸ್ಲಾವಿಯಾ ಮಂಡಿಸಿದವು. ಕೊನೆಗೆ ಅಂತರರಾಷ್ಟ್ರೀಯ ನ್ಯಾಯಾಲಯ ತನ್ನ ಅಧಿಕಾರವ್ಯಾಪ್ತಿಯನ್ನು ತೀರ್ಮಾನಿಸುವ ತನಕ ಚರ್ಚೆಯನ್ನು ಮುಂದೂಡಲಾಯಿತು. ಮರುವರ್ಷ ರಾಯರು ಅದೇ ನ್ಯಾಯಾಲಯದ ನ್ಯಾಯಾಧೀಶರಾಗಿದ್ದರು; ಮಂಡಳಿಯಲ್ಲಿ ಭಾರತದ ಪರವಾಗಿ ಈ ವಿಷಯದಲ್ಲಿ ಭಾಗವಹಿಸಿದ್ದೇನೆಂಬ ಕಾರಣಕ್ಕೆ ಈ ಮೊಕದ್ದಮೆಯಿಂದ ತಾವಾಗಿಯೇ ದೂರ ಸರಿದರು. 1952ರ ಜುಲೈ 22ರಂದು ನ್ಯಾಯಾಲಯ 9-5ರ ಬಹುಮತದಿಂದ ತನಗೆ ಈ ವ್ಯಾಜ್ಯದಲ್ಲಿ ಅಧಿಕಾರವಿಲ್ಲವೆಂದು ತೀರ್ಪಿತ್ತಿತು. ಬ್ರಿಟಿಷ್ ನ್ಯಾಯಾಧೀಶ ಮೆಕ್‌ನೇರ್ ತಮ್ಮ ದೇಶದ ವಾದವನ್ನು ಒಪ್ಪದೆ ಬಹುಮತದೊಡನೆ ನಿಂತರೆ, ಅಮೆರಿಕದ ನ್ಯಾಯಾಧೀಶರು ಭಿನ್ನಮತ ಬರೆದರು. ನ್ಯಾಯಪೀಠದ ಘನತೆಯೆಂದರೆ ಮೆಕ್‌ನೇರ್, ರಾಯರಂಥವರ ನಡೆ.

ನ್ಯೂಯಾರ್ಕಿನಿಂದ ಮೊಸಾದೆಗ್ ವಾಷಿಂಗ್ಟನ್ನಿಗೆ ಹೋಗಿ ಟ್ರೂಮನ್ ಅವರನ್ನು ಕಂಡರು. ಸಹಾಯಕ ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಮೆಗೀ ಅವರೊಡನೆ ದಿನಗಟ್ಟಲೆ ಮಾತುಕತೆ ನಡೆಯಿತು. ರಾಜಿಯ ರೂಪುರೇಷೆಯೊಂದು ಮೂಡಿತೆನ್ನುವಷ್ಟರಲ್ಲಿ ಬ್ರಿಟನ್ನಿನಲ್ಲಿ ಚುನಾವಣೆ ನಡೆದು ಚರ್ಚಿಲ್ ಮರಳಿ ಅಧಿಕಾರಕ್ಕೆ ಬಂದರು; ಅವರ ಸರ್ಕಾರ ಅದನ್ನು ಒಪ್ಪಲಿಲ್ಲ. ಪಾಶ್ಚಾತ್ಯ ಪತ್ರಿಕೆಗಳು ಹಾಸಿಗೆಯಲ್ಲಿ ಕುಳಿತೇ ರಾಯಭಾರಿಗಳನ್ನು ಕಾಣುವ, ಭಾಷಣದ ನಡುವೆ ಕಣ್ಣೀರಿಡುವ ಈ ಮುದುಕನನ್ನು ಗೇಲಿ ಮಾಡಿದವು. ಅದೇ ವರ್ಷ ಟೈಮ್ ಪತ್ರಿಕೆ ಅವರನ್ನು ವರ್ಷದ ವ್ಯಕ್ತಿಯೆಂದು ಮುಖಪುಟದಲ್ಲಿ ಅಚ್ಚು ಹಾಕಿತು. ಮರಳುವ ದಾರಿಯಲ್ಲಿ ಕೈರೋ ನಗರ ಅವರನ್ನು ಹೊತ್ತು ಮೆರೆಸಿತು.

ಬ್ರಿಟನ್ ಹೂಡಿದ ಆರ್ಥಿಕ ದಿಗ್ಬಂಧನ ಮಾತ್ರ ಗೇಲಿಯ ವಿಷಯವಾಗಿರಲಿಲ್ಲ. ಇರಾನಿನ ತೈಲ ಹೊತ್ತ ರೋಸ್ ಮೇರಿ ಎಂಬ ಹಡಗನ್ನು 1952ರಲ್ಲಿ ಏಡನ್ ಬಂದರಿಗೆ ಒಯ್ದು ತಡೆಹಿಡಿಯಲಾಯಿತು. ದೊಡ್ಡ ತೈಲ ಕಂಪನಿಗಳೆಲ್ಲ ಒಟ್ಟಾಗಿ ಇರಾನಿಗೆ ಬೆನ್ನು ತಿರುಗಿಸಿದವು. ಕುವೈತ್, ಸೌದಿ, ಇರಾಕ್‌ಗಳ ಹೆಚ್ಚುವರಿ ತೈಲ ಆ ಕೊರತೆಯನ್ನು ತುಂಬಿತು. ಬೊಕ್ಕಸ ಬರಿದಾಯಿತು. 1952ರ ಜುಲೈನಲ್ಲಿ ಯುದ್ಧಖಾತೆಯ ಪ್ರಶ್ನೆಯಲ್ಲಿ ಷಾ ಮೊಹಮ್ಮದ್ ರೆಜಾ ಅವರೊಡನೆ ಮನಸ್ತಾಪವಾಗಿ ಮೊಸಾದೆಗ್ ರಾಜೀನಾಮೆಯಿತ್ತಾಗ ಜನ ಬೀದಿಗಿಳಿದು, ಗುಂಡಿಗೆ ಎದೆಯೊಡ್ಡಿ, ಜುಲೈ 21ರಂದು ಅವರನ್ನು ಮರಳಿ ಗದ್ದುಗೆಗೆ ತಂದರು. ಅವರ ಜನಪ್ರಿಯತೆಯ ಶಿಖರ ಅದು.

ಇಳಿಜಾರೂ ಅಲ್ಲಿಂದಲೇ. 1952ರ ಅಕ್ಟೋಬರಿನಲ್ಲಿ ಇರಾನ್ ಬ್ರಿಟನ್ನಿನೊಡನೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು. ಟೆಹರಾನಿನ ರಾಯಭಾರ ಕಚೇರಿ ಮುಚ್ಚಿದ್ದರಿಂದ ಬ್ರಿಟಿಷ್ ಗುಪ್ತಚರರಿಗೆ ನೆಲೆ ತಪ್ಪಿತು. ಹೀಗಾಗಿ ಅವರು ಅಮೆರಿಕದ ನೆರವನ್ನೇ ಅವಲಂಬಿಸಬೇಕಾಯಿತು. ನವೆಂಬರಿನಲ್ಲಿ ಗುಪ್ತಚರ ಅಧಿಕಾರಿ ಮಾಂಟಿ ವುಡ್‌ಹೌಸ್ ವಾಷಿಂಗ್ಟನ್ನಿಗೆ ಒಯ್ದ ಯೋಜನೆಯಲ್ಲಿ ತೈಲ ಹಿನ್ನೆಲೆಗೆ ಸರಿದಿತ್ತು, ಕಮ್ಯುನಿಸ್ಟ್ ಅಪಾಯ ಮುನ್ನೆಲೆಗೆ ಬಂದಿತ್ತು. ಮಿತ್ರನ ಆದ್ಯತೆಯ ಭಾಷೆಯಲ್ಲೇ ತನ್ನ ಆದ್ಯತೆಯನ್ನು ಹೇಳುವ ಈ ಜಾಣ್ಮೆಯೇ ಇಡೀ ಪ್ರಕರಣದ ಕೀಲಿಕೈ. 1953ರ ಜನವರಿಯಲ್ಲಿ ಐಸೆನ್‌ಹೋವರ್ ಅಧ್ಯಕ್ಷರಾದರು. ವಿದೇಶಾಂಗಕ್ಕೆ ಜಾನ್ ಫಾಸ್ಟರ್ ಡಲೆಸ್, ಸಿಐಎಗೆ ಅವರ ಸೋದರ ಅಲೆನ್ ಡಲೆಸ್ ಬಂದರು. ಟ್ರೂಮನ್ ಕಾಲದಲ್ಲಿ ಮುಚ್ಚಿದ್ದ ಬಾಗಿಲು ತೆರೆಯಿತು. ನೆರವು ಯಾಚಿಸಿ ಮೊಸಾದೆಗ್ ಬರೆದ ಪತ್ರಕ್ಕೆ ಜೂನ್ ಕೊನೆಯಲ್ಲಿ ನಿರಾಕರಣೆಯ ಉತ್ತರ ಹೋಯಿತು.

ಮೊಸಾದೆಗ್ ಅವರ ತಪ್ಪುಗಳನ್ನು ಮರೆಮಾಚಬೇಕಾಗಿಲ್ಲ. ಲಂಡನ್-ವಾಷಿಂಗ್ಟನ್ನಿನ ಜಂಟಿ ಪ್ರಸ್ತಾಪಗಳನ್ನು ಅವರು ತಿರಸ್ಕರಿಸಿದರು. ಸಂಸತ್ತನ್ನೇ ನಂಬಿ ಬೆಳೆದ ನ್ಯಾಯವಾದಿ ವಿಶೇಷಾಧಿಕಾರಗಳನ್ನು ಪಡೆದು ಆಳತೊಡಗಿದರು. ಧರ್ಮಗುರು ಅಯತೊಲ್ಲಾ ಕಶಾನಿ ಸಹಿತ ಹಳೆಯ ಸಂಗಾತಿಗಳು ಒಬ್ಬೊಬ್ಬರಾಗಿ ದೂರವಾದರು. 1953ರ ಆಗಸ್ಟ್‌ನಲ್ಲಿ ಮಜ್ಲಿಸ್ ವಿಸರ್ಜನೆಗಾಗಿ ನಡೆಸಿದ ಜನಮತಗಣನೆಯಲ್ಲಿ ಪರ ಮತ್ತು ವಿರೋಧದ ಮತಗಳಿಗೆ ಬೇರೆ ಬೇರೆ ಮತಗಟ್ಟೆಗಳಿದ್ದವು. ಶೇ. 99ಕ್ಕೂ ಹೆಚ್ಚಿನ ಮತ ಪರವಾಗಿ ಬಿದ್ದದ್ದರಲ್ಲಿ ಆಶ್ಚರ್ಯವೇನು? ಸ್ವದೇಶದಲ್ಲಿ ಇಂತಹ ಬಿರುಕುಗಳಿರದಿದ್ದರೆ ಹೊರಗಿನವರ ಸಂಚು ಫಲಿಸುತ್ತಿತ್ತೇ ಎಂದು ಕೇಳುವ ಇತಿಹಾಸಕಾರರಿದ್ದಾರೆ. ಪ್ರಶ್ನೆ ಸರಿಯೇ, ಆದರೆ ಆ ಬಿರುಕುಗಳನ್ನು ಹಣ ಸುರಿದು ಅಗಲಗೊಳಿಸಿದವರು ಯಾರೆಂಬುದೂ ದಾಖಲೆಯಲ್ಲಿದೆ.

ಕಾರ್ಯಾಚರಣೆಯ ನೇತೃತ್ವ ವಹಿಸಿದ್ದು ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರ ಮೊಮ್ಮಗ ಕರ್ಮಿಟ್ ರೂಸ್‌ವೆಲ್ಟ್. ಬ್ರಿಟಿಷರು ತಮ್ಮ ನಂಬಿಗಸ್ತ ರಷೀದಿಯನ್ ಸೋದರರ ಜಾಲವನ್ನು ಅವರ ಕೈಗೊಪ್ಪಿಸಿದರು. ಆಗಸ್ಟ್ 15ರ ರಾತ್ರಿ ವಜಾ ಆಜ್ಞೆ ಹಿಡಿದು ಬಂದ ಕರ್ನಲ್ ನಸೀರಿಯನ್ನು ಮೊಸಾದೆಗ್ ಕಡೆಯವರು ಬಂಧಿಸಿದರು. ಷಾ ಬಾಗ್ದಾದಿಗೂ ಅಲ್ಲಿಂದ ರೋಮಿಗೂ ಪಲಾಯನ ಮಾಡಿದರು. ಎಲ್ಲ ಮುಗಿಯಿತೆಂದು ಸಿಐಎ ಕೇಂದ್ರ ಕಚೇರಿಯೂ ಕೈಚೆಲ್ಲಿತ್ತು. 18ರ ಸಂಜೆ ಅಮೆರಿಕದ ರಾಯಭಾರಿ ಲಾಯ್ ಹೆಂಡರ್ಸನ್ ಮೊಸಾದೆಗ್ ಅವರನ್ನು ಕಂಡು, ಅಮೆರಿಕನ್ನರ ಮೇಲೆ ಬೀದಿಯಲ್ಲಿ ನಡೆಯುತ್ತಿದ್ದ ಹಲ್ಲೆಗಳ ಬಗ್ಗೆ ದೂರಿದರು. ಅತಿಥಿಗಳ ರಕ್ಷಣೆ ತಮ್ಮ ಹೊಣೆಯೆಂದು ಭಾವಿಸಿದ ಪ್ರಧಾನಿ ಬೀದಿಗಳನ್ನು ತೆರವುಗೊಳಿಸುವಂತೆ ಪೊಲೀಸರಿಗೆ ಆದೇಶಿಸಿದರು. ಮರುದಿನ, ಆಗಸ್ಟ್ 19ರಂದು, ಷಾ ಪರ ಗುಂಪುಗಳೂ ಸೇನಾ ಟ್ಯಾಂಕುಗಳೂ ಬಂದಾಗ ಅವರನ್ನು ತಡೆಯಲು ಬೀದಿಯಲ್ಲಿ ಬೆಂಬಲಿಗರಿರಲಿಲ್ಲ. ಪ್ರಧಾನಿಯ ಮನೆಯ ಮೇಲೆ ಫಿರಂಗಿ ಗುಂಡುಗಳು ಬಿದ್ದವು. ಗೋಡೆ ಹಾರಿ ತಪ್ಪಿಸಿಕೊಂಡ 71ರ ವೃದ್ಧರು ಮರುದಿನ ತಾವೇ ಶರಣಾದರು.

ಜನರಲ್ ಜಾಹೆದಿ ಪ್ರಧಾನಿಯಾದರು. ಮೊಸಾದೆಗ್ ಅವರಿಗೆ ನಿರಾಕರಿಸಿದ್ದ ಅಮೆರಿಕದ ಧನಸಹಾಯ ಎರಡೇ ವಾರಗಳಲ್ಲಿ 4.5 ಕೋಟಿ ಡಾಲರಿನ ರೂಪದಲ್ಲಿ ಹೊಸ ಸರ್ಕಾರಕ್ಕೆ ಮಂಜೂರಾಯಿತು. 1954ರಲ್ಲಿ ತೈಲ ಕೂಟವೊಂದು ರಚನೆಯಾಯಿತು: ಹಳೆಯ ಬ್ರಿಟಿಷ್ ಕಂಪನಿಗೆ ಶೇ. 40, ಅಮೆರಿಕದ ಐದು ಕಂಪನಿಗಳಿಗೆ ಒಟ್ಟು ಶೇ. 40, ಉಳಿದದ್ದು ಶೆಲ್ ಮತ್ತು ಒಂದು ಫ್ರೆಂಚ್ ಕಂಪನಿಗೆ. ಇರಾನಿಗೆ ಲಾಭದ ಅರ್ಧ ಪಾಲು ಬಂದಿತು, ಆಡಳಿತದ ಕೀಲಿ ಬರಲಿಲ್ಲ. ಕ್ಷಿಪ್ರಕ್ರಾಂತಿಗೆ ಮುನ್ನ ಅಲ್ಲಿ ಅಮೆರಿಕದ ಕಂಪನಿಗಳಿಗೆ ಒಂದು ಹನಿಯ ಹಕ್ಕೂ ಇರಲಿಲ್ಲ. ಬ್ರಿಟನ್ ತನ್ನ ಮಿತ್ರನಿಗೆ ತೆತ್ತ ಸಹಕಾರದ ಬೆಲೆಯದು. ತನ್ನ ಪಾತ್ರವನ್ನು ಅಮೆರಿಕ ಸಾರ್ವಜನಿಕವಾಗಿ ಒಪ್ಪಿಕೊಳ್ಳಲು 2000ನೇ ಇಸವಿಯ ತನಕ ಕಾಯಬೇಕಾಯಿತು. ಆ ಮಾತನ್ನಾಡಿದವರು ವಿದೇಶಾಂಗ ಕಾರ್ಯದರ್ಶಿ ಮ್ಯಾಡ್ಲಿನ್ ಆಲ್‌ಬ್ರೈಟ್. ಸಿಐಎಯ ಸ್ವಂತ ದಾಖಲೆಗಳಲ್ಲಿ ಸ್ಪಷ್ಟ ಒಪ್ಪಿಗೆ ಹೊರಬಿದ್ದದ್ದು 2013ರಲ್ಲಿ.

ಸೇನಾ ನ್ಯಾಯಾಲಯದಲ್ಲಿ ಮೊಸಾದೆಗ್ ತಮ್ಮ ವಾದವನ್ನು ತಾವೇ ಮಂಡಿಸಿದರು. ಆ ಪೀಠಕ್ಕೆ ತಮ್ಮನ್ನು ವಿಚಾರಿಸುವ ಅಧಿಕಾರವೇ ಇಲ್ಲವೆಂಬುದು ಅವರ ಮೊದಲ ಆಕ್ಷೇಪ. ಮೂರು ವರ್ಷಗಳ ಸೆರೆವಾಸದ ನಂತರ ಟೆಹರಾನಿನ ಪಶ್ಚಿಮಕ್ಕಿರುವ ಅಹ್ಮದಾಬಾದ್ ಎಂಬ ಹಳ್ಳಿಯ ತಮ್ಮ ಜಮೀನಿನ ಮನೆಯಲ್ಲಿ ಕೊನೆಯವರೆಗೂ ಕಾವಲಿನಲ್ಲಿದ್ದರು. ಅವರ ವಿದೇಶಾಂಗ ಸಚಿವ ಹುಸೇನ್ ಫಾತೆಮಿ ಅವರಿಗೆ ಆ ಭಾಗ್ಯವೂ ಇರಲಿಲ್ಲ. 1954ರಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು.

1967ರ ಮಾರ್ಚ್ 5ರಂದು ಮೊಸಾದೆಗ್ ನಿಧನರಾದರು. 1952ರ ಜುಲೈನಲ್ಲಿ ತಮಗಾಗಿ ಮಡಿದವರ ಪಕ್ಕದಲ್ಲಿ ತಮ್ಮನ್ನು ಮಣ್ಣು ಮಾಡಬೇಕೆಂಬುದು ಅವರ ಕೊನೆಯಾಸೆ. ಷಾ ಸರ್ಕಾರ ಅನುಮತಿ ಕೊಡಲಿಲ್ಲ. ಅಹ್ಮದಾಬಾದಿನ ಮನೆಯೊಳಗೆ, ಊಟದ ಕೋಣೆಯ ನೆಲವನ್ನೇ ಅಗೆದು ಅವರನ್ನು ಸಮಾಧಿ ಮಾಡಲಾಯಿತು. ಷಾ ದೇಶ ಬಿಟ್ಟು ಹೋದ ಕೆಲವೇ ವಾರಗಳಲ್ಲಿ, 1979ರ ಮಾರ್ಚ್ 5ರಂದು, ಟೆಹರಾನಿನಿಂದ ಆ ಹಳ್ಳಿಯ ಹಾದಿಯುದ್ದಕ್ಕೂ ಜನಸಾಗರ ನೆರೆದಿತ್ತು.