ದೋಣಿಮನೆಯಿಂದ ಬಾಗಬಜಾರಿನ ಓಣಿಗೆ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮವರನ್ನು ಬಹುಕಾಲ ಕಾಡುವ ಪ್ರಶ್ನೆಯೊಂದಿದೆ: ನಮ್ಮದೆಂಬ ಅಂಗೈಯಗಲ ನೆಲವೂ ಇಲ್ಲದ ಕಡೆ ಮನೆ ಹೂಡುವುದು ಹೇಗೆ? ಹೊಟೇಲಿನ ಅಟ್ಟದ ಮೇಲೆ ಚಾಪೆ ಬಿಡಿಸುವವರಿಗೂ, ನಾಲ್ವರು ಸೇರಿ ಒಂದೇ ಖೋಲಿಯಲ್ಲಿ ದಿನ ನೂಕುವ ಗುಮಾಸ್ತರಿಗೂ ಈ ಪ್ರಶ್ನೆ ಹೊಸದಲ್ಲ. ತನ್ನ ಬಾಳಿನಿಂದಲೇ ಇದಕ್ಕೆ ಉತ್ತರ ಕೊಟ್ಟ ಸೋದರಿ ನಿವೇದಿತೆಯ ಕಥೆಯನ್ನು ಇಂದು ವಾಚಕರ ಮುಂದೆ ಇಡಬಯಸುತ್ತೇವೆ.

ಆಕೆಯ ಹುಟ್ಟುಹೆಸರು ಮಾರ್ಗರೆಟ್ ಎಲಿಜಬೆತ್ ನೋಬಲ್. 1867ರ ಅಕ್ಟೋಬರ್ 28ರಂದು ಐರ್ಲೆಂಡಿನ ಡಂಗ್ಯಾನನ್ ಪಟ್ಟಣದಲ್ಲಿ ಜನಿಸಿದಳು. ತಂದೆ ಪಾದ್ರಿ. ಹತ್ತನೆಯ ವಯಸ್ಸಿನಲ್ಲೇ ಪಿತೃವಿಯೋಗವಾಯಿತು. ಹದಿನೇಳಕ್ಕೆ ಉಪಾಧ್ಯಾಯಿನಿಯಾಗಿ ದುಡಿಮೆಗೆ ನಿಂತವಳು ಮುಂದೆ ಲಂಡನ್ನಿನಲ್ಲಿ ಸ್ವಂತ ಶಾಲೆಯನ್ನೇ ನಡೆಸಿದಳು. 1895ರಲ್ಲಿ ಅಲ್ಲಿ ಸ್ವಾಮಿ ವಿವೇಕಾನಂದರ ದರ್ಶನವಾಯಿತು. ಕೇಳಿದ್ದನ್ನೆಲ್ಲ ಒಪ್ಪುವ ಸ್ವಭಾವ ಆಕೆಯದಲ್ಲ. ವಾದಿಸಿ, ಸಂದೇಹಪಟ್ಟು, ಕಡೆಗೆ ಶಿಷ್ಯೆಯಾದಳು. 1898ರ ಜನವರಿ 28ರಂದು ಕಲಕತ್ತೆಯಲ್ಲಿ ಹಡಗಿನಿಂದಿಳಿದಳು. ಮಾರ್ಚ್ 25ರಂದು ಬ್ರಹ್ಮಚರ್ಯದೀಕ್ಷೆಯೊಡನೆ ನಿವೇದಿತಾ ಎಂಬ ಹೆಸರು ದೊರೆಯಿತು.

ಹೆಸರು ಬದಲಾದುದು ಒಂದು ದಿನದಲ್ಲಿ. ಮನಸ್ಸು ಬದಲಾಗಲು ಆ ವರ್ಷದ ಬೇಸಗೆಯೆಲ್ಲ ಬೇಕಾಯಿತು. ಆಂಗ್ಲರ ಧ್ವಜವನ್ನು ತನ್ನದೆಂದು ತಿಳಿದಿದ್ದ ಆಕೆಯ ಅಭಿಮಾನಕ್ಕೆ ಆಲ್ಮೋರದಲ್ಲಿ ಸ್ವಾಮೀಜಿಯವರಿಂದ ಪೆಟ್ಟಿನ ಮೇಲೆ ಪೆಟ್ಟು ಬಿತ್ತು. ಮೆಚ್ಚುಗೆಯ ಮಾತಿಗಾಗಿ ಹಂಬಲಿಸಿದವಳಿಗೆ ಕಾಠಿಣ್ಯವೇ ದೊರೆಯಿತು. ಆ ನೋವನ್ನು ಕಟ್ಟಿಕೊಂಡೇ ಆಕೆ ಗುರುವಿನೊಡನೆ ಕಾಶ್ಮೀರಕ್ಕೆ ನಡೆದಳು. ಜೊತೆಯಲ್ಲಿ ಶ್ರೀಮತಿ ಓಲೆ ಬುಲ್, ಕುಮಾರಿ ಮ್ಯಾಕ್‌ಲಿಯಡ್ ಎಂಬ ಅಮೆರಿಕದ ಶಿಷ್ಯೆಯರಿದ್ದರು.

ಬಾರಾಮುಲ್ಲಾದಿಂದ ಶ್ರೀನಗರಕ್ಕೆ ಅವರು ಜೂನ್ ತಿಂಗಳಲ್ಲಿ ಝೇಲಂ ನದಿಯ ಮೇಲೆ ಡೂಂಗಾಗಳಲ್ಲಿ ಸಾಗಿದರು. ಡೂಂಗಾ ಎಂದರೆ ಚಪ್ಪಟೆ ತಳದ ಉದ್ದನೆಯ ದೋಣಿ. ಮೇಲೆ ಮಾಡು, ಪಕ್ಕಗಳಿಗೆ ಚಾಪೆಯ ಮರೆ. ಹಿಂಬದಿಯಲ್ಲಿ ಅಂಬಿಗನ ಸಂಸಾರ, ಅಲ್ಲೇ ಒಲೆ, ಅಲ್ಲೇ ತೊಟ್ಟಿಲು. ನಮ್ಮ ಪುರಾಣಗಳ ವಿತಸ್ತೆಯೇ ಈ ಝೇಲಂ. ಶ್ರೀನಗರಕ್ಕೆ ಅಂದು ಇದೇ ರಾಜಬೀದಿ. ಏಳು ಮರದ ಸೇತುವೆಗಳ ಕೆಳಗೆ ತರಕಾರಿ, ಸೌದೆ, ಧಾನ್ಯಗಳೆಲ್ಲ ದೋಣಿಯಲ್ಲೇ ಬರುತ್ತಿದ್ದವು. ಆ ಸಂಸ್ಥಾನದಲ್ಲಿ ಐರೋಪ್ಯರು ಭೂಮಿಯ ಒಡೆತನ ಪಡೆಯುವಂತಿರಲಿಲ್ಲ. ಆದುದರಿಂದ ಅವರು ನೀರಿನ ಮೇಲೆ ಬಿಡಾರ ಹೂಡುವುದನ್ನು ಕಲಿತರು. ದೋಣಿಮನೆಗಳು ಹೆಚ್ಚಲು ಇದೂ ಒಂದು ಕಾರಣ. ನಿವೇದಿತೆಯೂ ತಿಂಗಳುಗಟ್ಟಲೆ ಹೀಗೆಯೇ ಬಾಳಿದಳು. ದಡದ ಗೂಟಕ್ಕೆ ಹಗ್ಗ ಬಿಗಿದರೆ ಅದೇ ವಿಳಾಸ. ಬಿಚ್ಚಿದರೆ ಅದೂ ಇಲ್ಲ.

ಆದರೆ ಆ ತೇಲುವ ಮನೆಗೆ ಹಬ್ಬಹರಿದಿನಗಳ ಕೊರತೆಯಿರಲಿಲ್ಲ. ಜುಲೈ 4 ಅಮೆರಿಕದ ಸ್ವಾತಂತ್ರ್ಯದಿನ. ಹಿಂದಿನ ದಿನವೇ ಸ್ವಾಮೀಜಿಯವರು ಒಬ್ಬ ಪಂಡಿತ ದರ್ಜಿಯನ್ನು ಕರೆತಂದು, ನಿವೇದಿತೆಯೊಡನೆ ಗುಟ್ಟಾಗಿ ಆ ದೇಶದ ಬಾವುಟವನ್ನು ಹೊಲಿಸಿದರು. ಮುಂಜಾನೆ ಊಟದ ದೋಣಿಗೆ ಹಸುರು ತೋರಣ ಕಟ್ಟಿ ಸಂಗಡಿಗರನ್ನು ಬೆರಗುಗೊಳಿಸಿದರು. ಪರದೇಶದಲ್ಲಿರುವವರಿಗೆ ಅವರವರ ನಾಡಿನ ಹಬ್ಬವನ್ನು ನೆನಪು ಮಾಡಿಕೊಡುವುದು ಎಂತಹ ಉಪಚಾರವೆಂಬುದನ್ನು ಯುಗಾದಿಯ ದಿನವೂ ರಜೆಯಿಲ್ಲದೆ ದುಡಿದ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ದಿನಗಳಲ್ಲೇ ಮುಸಲ್ಮಾನ ಅಂಬಿಗನ ನಾಲ್ಕು ವರ್ಷದ ಮಗಳನ್ನು ಸ್ವಾಮೀಜಿಯವರು ಉಮೆಯೆಂದು ಭಾವಿಸಿ ಪೂಜಿಸುವುದನ್ನೂ ನಿವೇದಿತೆ ಕಂಡಳು. ಗ್ರಂಥಗಳಿಂದ ಕಲಿಯಲಾಗದ ಭಾರತ ಆಕೆಗೆ ಕಾಣಿಸತೊಡಗಿದುದು ಹೀಗೆ.

ಇನ್ನೊಂದು ಪಾಠವೂ ಅಲ್ಲಿಯೇ ಆಯಿತು. ಮಠಕ್ಕೂ ಸಂಸ್ಕೃತ ವಿದ್ಯಾಲಯಕ್ಕೂ ನದಿಯ ದಡದಲ್ಲಿ ಭೂಮಿ ಕೊಡಲು ಕಾಶ್ಮೀರದ ಮಹಾರಾಜರು ಮನಸ್ಸು ಮಾಡಿದ್ದರು. ಚಿನಾರ್ ಮರಗಳ ನೆರಳಿನ ಆ ಜಾಗದಲ್ಲಿ ಶಿಷ್ಯೆಯರು ಬಿಡಾರವನ್ನೂ ಹೂಡಿದ್ದರು. ಬ್ರಿಟಿಷ್ ರೆಸಿಡೆಂಟರು ಆ ವಿಷಯ ಚರ್ಚೆಗೇ ಬಾರದಂತೆ ತಡೆದರು. ತನ್ನವರೆಂದು ಯಾರನ್ನು ನಂಬಿ ಬೆಳೆದಿದ್ದಳೋ ಅವರ ಆಡಳಿತದ ಒಳಮುಖವನ್ನು ನಿವೇದಿತೆ ಕಣ್ಣಾರೆ ಕಂಡಳು. ಅಕ್ಟೋಬರಿನಲ್ಲಿ ದೋಣಿಗಳು ಮತ್ತೆ ಬಾರಾಮುಲ್ಲಾದತ್ತ ತಿರುಗಿದಾಗ ಅಂಗೈಯಗಲ ನೆಲವೂ ಕೈಗೆ ಬಂದಿರಲಿಲ್ಲ.

ಹಾಗೆಂದು ಕೆಲಸ ನಿಲ್ಲಲಿಲ್ಲ. ಕಲಕತ್ತೆಯಲ್ಲಿ ಗಂಗೆಗೆ ಸಮೀಪದ ಬಾಗಬಜಾರಿನ ಬೋಸಪಾಡಾ ಓಣಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದು, 1898ರ ನವೆಂಬರ್ 13ರಂದು ಆಕೆ ಹೆಣ್ಣುಮಕ್ಕಳ ಶಾಲೆಯನ್ನು ತೆರೆದಳು. ಶ್ರೀಮಾತೆ ಶಾರದಾದೇವಿಯವರೇ ಬಂದು ಹರಸಿದರು. ಆದರೂ ಪರಜಾತಿಯ, ಪರದೇಶದ ಹೆಂಗಸಿನ ಬಳಿಗೆ ಮಗಳನ್ನು ಕಳಿಸಲು ಆಚಾರವಂತರು ಹಿಂಜರಿದರು. ಆಕೆ ಮನೆಮನೆಯ ಹೊಸ್ತಿಲಿಗೆ ಹೋಗಿ ಬೇಡಿದಳು.

ಮರುವರ್ಷ ನಗರಕ್ಕೆ ಪ್ಲೇಗುಮಾರಿ ಬಂತು. ನಿವೇದಿತೆ ಪರಿಹಾರಕಾರ್ಯಕ್ಕೆ ನಿಂತು, ಓಣಿಯನ್ನು ಗುಡಿಸಲು ತಾನೇ ಪೊರಕೆ ಹಿಡಿದಳು. ನೋಡಿದ ತರುಣರು ನಾಚಿ ಅದನ್ನು ತಮ್ಮ ಕೈಗೆ ತೆಗೆದುಕೊಂಡರು. ರೋಗ ತಗುಲಿದ ಮಗುವೊಂದನ್ನು ಗುಡಿಸಲಿನಲ್ಲಿ ಮಡಿಲಲ್ಲಿಟ್ಟುಕೊಂಡು ಉಪಚರಿಸಿದಳು. ಅಲ್ಲಿಂದಾಚೆಗೆ ಆ ಓಣಿಗೆ ಆಕೆ ಪರಕೀಯಳಾಗಿ ಉಳಿಯಲಿಲ್ಲ.

1902ರ ಜುಲೈ 4ರಂದು, ದೋಣಿಯಲ್ಲಿ ಬಾವುಟ ಕಟ್ಟಿದ ನಾಲ್ಕು ವರ್ಷಕ್ಕೆ ಸರಿಯಾಗಿ, ಸ್ವಾಮೀಜಿಯವರು ದೇಹಬಿಟ್ಟರು. ದೇಶದ ಸ್ವಾತಂತ್ರ್ಯದ ಮಾತನ್ನು ಬಿಡಲೊಲ್ಲದ ನಿವೇದಿತೆ, ಸಂಘಕ್ಕೆ ತೊಂದರೆ ತಟ್ಟಬಾರದೆಂದು ಅದರಿಂದ ಹೊರಬಂದು ತನ್ನ ದಾರಿ ಹಿಡಿದಳು. ಭಾಷಣ ಮಾಡಿದಳು, ಪುಸ್ತಕ ಬರೆದಳು, ವಿಜ್ಞಾನಿ ಜಗದೀಶಚಂದ್ರ ಬೋಸರ ಬರವಣಿಗೆಗೆ ನೆರವಾದಳು. 1906ರಲ್ಲಿ ಪೂರ್ವಬಂಗಾಳವನ್ನು ಕ್ಷಾಮವೂ ನೆರೆಯೂ ಒಟ್ಟಿಗೆ ಮುತ್ತಿದಾಗ ಮತ್ತೆ ದೋಣಿ ಹತ್ತಿದಳು. ಈ ಸಲ ವಿಹಾರಕ್ಕಲ್ಲ. ನೀರಿನಲ್ಲಿ ಮುಳುಗಿದ ಹಳ್ಳಿಗಳ ಹಸಿದವರನ್ನು ಕಾಣಲು. ಹಿಂದಿರುಗಿದ ಮೇಲೆ ಮಲೇರಿಯಾ ಆಕೆಯನ್ನು ಹಣ್ಣು ಮಾಡಿತು.

1911ರ ಅಕ್ಟೋಬರ್ 13ರಂದು ದಾರ್ಜಿಲಿಂಗಿನಲ್ಲಿ ಆಕೆ ಕಣ್ಣು ಮುಚ್ಚಿದಳು. ನಲವತ್ತನಾಲ್ಕು ತುಂಬಲು ಇನ್ನೂ ಎರಡು ವಾರವಿತ್ತು. ಇದ್ದುದನ್ನೆಲ್ಲ ಹೆಣ್ಣುಮಕ್ಕಳ ವಿದ್ಯೆಗಾಗಿ ಬರೆದಿಟ್ಟಿದ್ದಳು. ದೋಣಿ ಮುಳುಗುತ್ತಿದ್ದರೂ ತಾನು ಸೂರ್ಯೋದಯವನ್ನು ಕಾಣುವೆನೆಂಬುದೇ ಆಕೆಯ ಕೊನೆಯ ಮಾತಿನ ಭಾವವಾಗಿತ್ತೆಂದು ಹೇಳುತ್ತಾರೆ.

ಆಕೆ ತೆರೆದ ಶಾಲೆ ಬಾಗಬಜಾರಿನಲ್ಲಿ ಇಂದಿಗೂ ನಡೆಯುತ್ತಿದೆ. ನೆಲವನ್ನು ಕೊಂಡು ಆಕೆ ಆ ಊರಿನವಳಾಗಲಿಲ್ಲ. ಅಲ್ಲಿಯ ಕಸ ಗುಡಿಸಿ, ಅಲ್ಲಿಯ ಮಗುವನ್ನು ಮಡಿಲಿಗೆ ತೆಗೆದುಕೊಂಡು ಆ ಊರಿನವಳಾದಳು. ದುಡಿಯಲು ಬಂದ ಊರನ್ನು ಪರಸ್ಥಳವೆಂದೇ ಎಣಿಸಿ ಹಣ ಕಳಿಸುವ ದಿನವನ್ನು ಮಾತ್ರ ಲೆಕ್ಕ ಹಾಕುವ ನಾವು, ನಮ್ಮ ಖೋಲಿಯ ಮುಂದಿನ ಓಣಿಯನ್ನು ಒಮ್ಮೆಯಾದರೂ ನಮ್ಮದೆಂದು ನೋಡಿದ್ದೇವೆಯೆ?