ವಿಲ್ಲೆಮ್ ಕಾರೆಲ್ ಡಿಕ್ಕೆ

ವಿಲ್ಲೆಮ್ ಕಾರೆಲ್ ಡಿಕ್ಕೆ (ಫೆಬ್ರವರಿ 6, 1905 – ಏಪ್ರಿಲ್ 27, 1962) ನೆದರ್ಲೆಂಡ್ಸ್ ದೇಶದ ಪ್ರಸಿದ್ಧ ಮಕ್ಕಳ ವೈದ್ಯರು. ಸೀಲಿಯಾಕ್ ಎಂಬ ಕರುಳಿನ ರೋಗವುಳ್ಳವರಿಗೆ ಗೋಧಿ ಮತ್ತು ರೈ ಧಾನ್ಯಗಳು ಹಾನಿಕರವೆಂಬುದನ್ನು ಪ್ರಯೋಗಗಳ ಮೂಲಕ ತೋರಿಸಿಕೊಟ್ಟವರು ಇವರು. ಗ್ಲುಟನ್‌ರಹಿತ ಆಹಾರಕ್ರಮಕ್ಕೆ ವೈಜ್ಞಾನಿಕ ತಳಹದಿ ಹಾಕಿದ ಕೀರ್ತಿ ಇವರಿಗೆ ಸಲ್ಲುತ್ತದೆ. ಇವರ ಸಂಶೋಧನೆಗೆ ಮುನ್ನ ಈ ರೋಗಕ್ಕೆ ತುತ್ತಾದ ಅನೇಕ ಮಕ್ಕಳು ಎಳೆಯ ವಯಸ್ಸಿನಲ್ಲೇ ಮರಣ ಹೊಂದುತ್ತಿದ್ದರು. ಇಂದು ಅಂಥ ಮಕ್ಕಳು ಆಹಾರದಲ್ಲಿ ಪಥ್ಯವನ್ನು ಪಾಲಿಸಿ ಎಲ್ಲರಂತೆ ಬೆಳೆದು ಬಾಳುತ್ತಾರೆ.

ಜನನ ಮತ್ತು ವಿದ್ಯಾಭ್ಯಾಸ

ಡಿಕ್ಕೆಯವರು 1905ರ ಫೆಬ್ರವರಿ 6ರಂದು ನೆದರ್ಲೆಂಡ್ಸಿನ ಡೋರ್ಡ್ರೆಕ್ಟ್ ನಗರದಲ್ಲಿ ಜನಿಸಿದರು. 1922ರಿಂದ 1929ರವರೆಗೆ ಲೈಡನ್ನಿನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿದರು. ಅನಂತರ ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯಕೀಯದಲ್ಲಿ ತರಬೇತಿ ಪಡೆದರು. 1936ರಲ್ಲಿ, ತಮ್ಮ 31ನೆಯ ವಯಸ್ಸಿನಲ್ಲಿ, ಅದೇ ಆಸ್ಪತ್ರೆಯ ವೈದ್ಯಕೀಯ ನಿರ್ದೇಶಕರಾಗಿ ನೇಮಕಗೊಂಡರು.

ಅಂದಿನ ಸೀಲಿಯಾಕ್ ಚಿಕಿತ್ಸೆ

ಸೀಲಿಯಾಕ್ ರೋಗವು ಹೊಸದಲ್ಲ. ಪ್ರಾಚೀನ ಗ್ರೀಕ್ ವೈದ್ಯ ಕಪಡೋಷಿಯದ ಅರೆಟೇಯಸ್ ಇಂಥ ಲಕ್ಷಣಗಳುಳ್ಳ ರೋಗವನ್ನು ವರ್ಣಿಸಿದ್ದನು. ರೋಗದ ಹೆಸರು ಹೊಟ್ಟೆ ಎಂಬ ಅರ್ಥದ ಗ್ರೀಕ್ ಪದದಿಂದ ಬಂದಿದೆ. ಆಧುನಿಕ ಕಾಲದಲ್ಲಿ ಇದರ ಸ್ಪಷ್ಟ ವಿವರಣೆಯನ್ನು 1888ರಲ್ಲಿ ಪ್ರಕಟಿಸಿದವರು ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಜೀ. ಉಬ್ಬಿದ ಹೊಟ್ಟೆ, ಬಡಕಲಾದ ಕೈಕಾಲು, ಜಿಡ್ಡಿನಿಂದ ಕೂಡಿದ ಹೇರಳ ಭೇದಿ, ಕುಂಠಿತ ಬೆಳವಣಿಗೆ – ಇವು ರೋಗಪೀಡಿತ ಮಗುವಿನ ಲಕ್ಷಣಗಳಾಗಿದ್ದವು. ಈ ರೋಗವು ಗುಣವಾಗುವುದಾದರೆ ಅದು ಆಹಾರದಿಂದಲೇ ಆಗಬೇಕೆಂದು ಜೀ ಸರಿಯಾಗಿಯೇ ಊಹಿಸಿದ್ದರು. ಆದರೆ ಯಾವ ಆಹಾರದಿಂದ ಎಂಬುದು ಅವರಿಗೆ ತಿಳಿಯಲಿಲ್ಲ. ಡಚ್ ಕಡಲಿನ ಚಿಪ್ಪುಮೀನುಗಳನ್ನು ದಿನವೂ ತಿಂದು ಚೇತರಿಸಿಕೊಂಡ ಒಂದು ಮಗು, ಚಿಪ್ಪುಮೀನಿನ ಕಾಲ ಮುಗಿದೊಡನೆ ಮತ್ತೆ ಹಾಸಿಗೆ ಹಿಡಿದುದನ್ನು ಅವರು ದಾಖಲಿಸಿದ್ದಾರೆ.

1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯವನ್ನು ಪ್ರಚಾರಕ್ಕೆ ತಂದರು. ಇದರಿಂದ ಹಲವು ಮಕ್ಕಳು ಬದುಕಿಕೊಂಡರು. ಈ ಪಥ್ಯದಲ್ಲಿ ಬ್ರೆಡ್ಡು, ಬಿಸ್ಕತ್ತುಗಳಿಗೆ ಅವಕಾಶವಿರಲಿಲ್ಲ. ಗುಣವಾದದ್ದು ಬಾಳೆಹಣ್ಣನ್ನು ತಿಂದುದರಿಂದಲ್ಲ, ಬ್ರೆಡ್ಡನ್ನು ಬಿಟ್ಟುದರಿಂದ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಹಾಗಾಗಿ ಚೇತರಿಸಿಕೊಂಡ ಮಕ್ಕಳು ಮತ್ತೆ ಬ್ರೆಡ್ಡು ತಿಂದಾಗ ರೋಗವು ಮರುಕಳಿಸುತ್ತಿತ್ತು. ಲಂಡನ್ನಿನ ಮಕ್ಕಳ ಆಸ್ಪತ್ರೆಯೊಂದರಿಂದ 1939ರಲ್ಲಿ ಪ್ರಕಟವಾದ ವರದಿಯೊಂದರ ಪ್ರಕಾರ, ಅಲ್ಲಿ ದಾಖಲಾದ 73 ಸೀಲಿಯಾಕ್ ಮಕ್ಕಳಲ್ಲಿ ಸುಮಾರು ಶೇಕಡಾ 30ರಷ್ಟು ಮಂದಿ ತೀರಿಕೊಂಡಿದ್ದರು. ಡಿಕ್ಕೆಯವರು ನಿರ್ದೇಶಕರಾದ ಕಾಲದಲ್ಲಿ ಯೂರೋಪಿನ ಮಕ್ಕಳ ವಾರ್ಡುಗಳ ಸ್ಥಿತಿ ಇದಾಗಿತ್ತು.

ಗೋಧಿಯ ಮೇಲಿನ ಸಂಶಯ

ಹೇಗ್ ನಗರದ ಆಸ್ಪತ್ರೆಯಲ್ಲಿ ಡಿಕ್ಕೆಯವರ ಗಮನ ಈ ಮಕ್ಕಳ ಕಡೆಗೆ ಹರಿಯಿತು. ಬ್ರೆಡ್ಡನ್ನು ನಿಲ್ಲಿಸಿದಾಗ ತನ್ನ ಮಗುವಿನ ಮೈಮೇಲಿನ ಗುಳ್ಳೆಗಳು ಬೇಗನೆ ಕಡಮೆಯಾದುದನ್ನು ತಾಯಿಯೊಬ್ಬಳು ತಿಳಿಸಿದ್ದೇ ಅವರ ಸಂಶಯಕ್ಕೆ ಮೂಲವೆಂದು ಹೇಳಲಾಗುತ್ತದೆ. 1930ರ ದಶಕದಲ್ಲಿಯೇ ಅವರು ಕೆಲವು ಮಕ್ಕಳಿಗೆ ಗೋಧಿಯಿಲ್ಲದ ಆಹಾರವನ್ನು ಕೊಟ್ಟು ಫಲಿತಾಂಶವನ್ನು ಗಮನಿಸತೊಡಗಿದರು.

1941ರಲ್ಲಿ ಅವರು ಡಚ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಸೀಲಿಯಾಕ್ ಮಕ್ಕಳಿಗೆ ಅನುಕೂಲವಾಗುವ ಸರಳ ಆಹಾರಕ್ರಮವನ್ನು ಕುರಿತು ಲೇಖನ ಪ್ರಕಟಿಸಿದರು. ಬ್ರೆಡ್ಡು ಮತ್ತು ರಸ್ಕುಗಳನ್ನು ವರ್ಜಿಸಬೇಕೆಂಬುದು ಅದರ ಸಾರ. ನೆದರ್ಲೆಂಡ್ಸ್ ಆಗ ಜರ್ಮನಿಯ ವಶದಲ್ಲಿತ್ತು. ಯುದ್ಧದ ಗದ್ದಲದಲ್ಲಿ, ಡಚ್ ಭಾಷೆಯಲ್ಲಿ ಬಂದ ಈ ಬರಹವು ಹೊರನಾಡಿನವರ ಕಣ್ಣಿಗೆ ಬೀಳಲಿಲ್ಲ.

ಹಸಿವಿನ ಚಳಿಗಾಲ

1944ರ ಸೆಪ್ಟೆಂಬರಿನಲ್ಲಿ ಡಚ್ ರೈಲ್ವೆ ನೌಕರರು ಮುಷ್ಕರ ಹೂಡಿದರು. ಇದಕ್ಕೆ ಪ್ರತಿಯಾಗಿ ಜರ್ಮನ್ ಆಡಳಿತವು ದೇಶದ ಪಶ್ಚಿಮ ಭಾಗಕ್ಕೆ ಆಹಾರ ಸಾಗಣೆಯನ್ನು ತಡೆಹಿಡಿಯಿತು. ಅದೇ ಸಮಯಕ್ಕೆ ಕಠೋರವಾದ ಚಳಿಯೂ ಆರಂಭವಾಯಿತು. ಡಚ್ಚರು ಹಸಿವಿನ ಚಳಿಗಾಲವೆಂದು ಕರೆಯುವ ಈ ಕ್ಷಾಮದಲ್ಲಿ ಸುಮಾರು 20,000 ಮಂದಿ ಪ್ರಾಣ ಕಳೆದುಕೊಂಡರು. ಜನರು ಸಕ್ಕರೆ ಬೀಟ್ ಗೆಡ್ಡೆಗಳನ್ನೂ ಟ್ಯೂಲಿಪ್ ಹೂವಿನ ಗೆಡ್ಡೆಗಳನ್ನೂ ಬೇಯಿಸಿ ತಿಂದು ದಿನ ದೂಡಿದರು. ಬ್ರೆಡ್ಡು ದುರ್ಲಭವಾಯಿತು.

ಊರಿಗೆ ಊರೇ ಸೊರಗುತ್ತಿದ್ದ ಆ ದಿನಗಳಲ್ಲಿ ಸೀಲಿಯಾಕ್ ಪೀಡಿತ ಮಕ್ಕಳ ಸ್ಥಿತಿ ಉತ್ತಮಗೊಂಡಿತು. ಯುದ್ಧ ಮುಗಿದು ಬ್ರೆಡ್ಡು ಮತ್ತೆ ದೊರೆಯತೊಡಗಿದಾಗ ಅದೇ ಮಕ್ಕಳು ಪುನಃ ಕಾಯಿಲೆ ಬಿದ್ದರು. ಈ ವಿಪರ್ಯಾಸವು ಡಿಕ್ಕೆಯವರ ಸಂಶಯವನ್ನು ದೃಢಪಡಿಸಿತು.

ಕ್ಷಾಮವೇ ಗ್ಲುಟನ್‌ರಹಿತ ಆಹಾರದ ಕಲ್ಪನೆಯನ್ನು ಹುಟ್ಟುಹಾಕಿತೆಂಬ ಕಥೆಯು ಜನಜನಿತವಾಗಿದೆ. ಆದರೆ 1941ರ ಲೇಖನವು ಆ ಚಳಿಗಾಲಕ್ಕಿಂತ ಮೂರು ವರ್ಷ ಹಿಂದಿನದು. ಆದುದರಿಂದ ಕ್ಷಾಮವು ಅವರ ವಿಚಾರಕ್ಕೆ ಪುಷ್ಟಿ ನೀಡಿತೇ ಹೊರತು ಅದರ ಮೂಲವಾಗಿರಲಿಲ್ಲವೆಂಬುದು ಸ್ಪಷ್ಟ. ಮೇಲಾಗಿ, ಕ್ಷಾಮಕಾಲದಲ್ಲಿ ಬ್ರೆಡ್ಡಿನ ಜೊತೆಗೆ ಇತರ ಅನೇಕ ಆಹಾರಗಳೂ ಇಲ್ಲವಾಗಿದ್ದವು. ಗೋಧಿಯೇ ಕಾರಣವೆಂದು ಸಾಧಿಸಲು ಬೇರೆಯ ಬಗೆಯ ಪುರಾವೆ ಬೇಕಾಗಿತ್ತು.

ಪ್ರಯೋಗಗಳು ಮತ್ತು ಮಹಾಪ್ರಬಂಧ

ಯುದ್ಧಾನಂತರ ಡಿಕ್ಕೆಯವರು ಆ ಪುರಾವೆಯನ್ನು ಕಲೆಹಾಕಿದರು. ಕೆಲವೇ ಮಕ್ಕಳನ್ನು ದೀರ್ಘಕಾಲ ನಿಕಟವಾಗಿ ಗಮನಿಸುವುದು ಅವರ ವಿಧಾನ. ಮೊದಲು ಮಗುವಿನ ಆಹಾರದಿಂದ ಗೋಧಿಯನ್ನು ತೆಗೆದು ಅಕ್ಕಿ, ಮೆಕ್ಕೆಜೋಳ ಮುಂತಾದುವನ್ನು ಕೊಡುತ್ತಿದ್ದರು. ಹಸಿವು ಮರಳಿ, ಭೇದಿ ನಿಂತು, ತೂಕವೂ ಎತ್ತರವೂ ಏರತೊಡಗುತ್ತಿದ್ದವು. ಬಳಿಕ ಗೋಧಿಯನ್ನು ಮತ್ತೆ ಕೊಟ್ಟು ನೋಡಿದಾಗ ಬೆಳವಣಿಗೆಯ ರೇಖೆ ಕುಸಿಯುತ್ತಿತ್ತು. ಗೋಧಿಯನ್ನು ನಿಲ್ಲಿಸಿದರೆ ಅದು ಪುನಃ ಮೇಲೇರುತ್ತಿತ್ತು. ಹಾನಿಯು ಗೋಧಿ ತಿಂದ ಕೂಡಲೇ ಕಾಣಿಸದೆ ಕೆಲವೊಮ್ಮೆ ತಡವಾಗಿ ತಲೆದೋರುತ್ತಿದ್ದುದರಿಂದ ಈ ಕೆಲಸಕ್ಕೆ ಅಪಾರ ತಾಳ್ಮೆ ಬೇಕಾಗಿತ್ತು.

1950ರಲ್ಲಿ ಡಿಕ್ಕೆಯವರು ಈ ಅಧ್ಯಯನವನ್ನು ಉಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಮಹಾಪ್ರಬಂಧವಾಗಿ ಸಲ್ಲಿಸಿ ಡಾಕ್ಟರೇಟ್ ಪದವಿ ಪಡೆದರು. ಕೆಲವು ಬಗೆಯ ಧಾನ್ಯಗಳು ಸೀಲಿಯಾಕ್ ರೋಗಿಯ ಮೇಲೆ ಬೀರುವ ದುಷ್ಪರಿಣಾಮವೇ ಆ ಪ್ರಬಂಧದ ವಿಷಯ. ಅದು ಗೋಧಿಯೊಂದಿಗೆ ರೈ ಮತ್ತು ಓಟ್ಸ್ ಧಾನ್ಯಗಳನ್ನೂ ವರ್ಜ್ಯವೆಂದು ಸೂಚಿಸಿತು. ಮುಂದಿನ ಸಂಶೋಧನೆಗಳು ಬಾರ್ಲಿಯನ್ನೂ ಈ ಸಾಲಿಗೆ ಸೇರಿಸಿದವು. ಬೇರೆ ಧಾನ್ಯದ ಬೆರಕೆಯಿಲ್ಲದ ಶುದ್ಧ ಓಟ್ಸ್ ಬಹುತೇಕ ರೋಗಿಗಳಿಗೆ ಒಗ್ಗುತ್ತದೆಂಬುದೂ ಅನಂತರ ತಿಳಿದುಬಂದಿತು.

ಗ್ಲುಟನ್ನಿನ ಪತ್ತೆ

ಗೋಧಿಯಲ್ಲಿ ಹಾನಿ ಮಾಡುವ ಅಂಶ ಯಾವುದು ಎಂಬುದು ಮುಂದಿನ ಪ್ರಶ್ನೆಯಾಗಿತ್ತು. ಇದಕ್ಕಾಗಿ ಡಿಕ್ಕೆಯವರು ಉಟ್ರೆಕ್ಟಿನ ಜೀವರಸಾಯನ ವಿಜ್ಞಾನಿ ವಾನ್ ದ ಕಾಮರ್ ಮತ್ತು ಮಕ್ಕಳ ವೈದ್ಯ ವೆಯ್ಯರ್ಸ್ ಅವರೊಂದಿಗೆ ಸೇರಿ ದುಡಿದರು. ಮಲದಲ್ಲಿರುವ ಕೊಬ್ಬಿನ ಪ್ರಮಾಣವನ್ನು ನಿಖರವಾಗಿ ಅಳೆಯುವ ವಿಧಾನವೊಂದನ್ನು ವಾನ್ ದ ಕಾಮರ್ 1949ರಲ್ಲಿ ಪ್ರಕಟಿಸಿದ್ದರು. ತಿಂದ ಕೊಬ್ಬಿನಲ್ಲಿ ಎಷ್ಟು ಭಾಗವನ್ನು ಕರುಳು ಹೀರಿಕೊಂಡಿತೆಂಬುದು ಇದರಿಂದ ಅಂಕಿಗಳಲ್ಲಿ ದೊರೆಯಿತು. ರೋಗದ ಏರಿಳಿತವನ್ನು ಕೇವಲ ಕಣ್ಣಂದಾಜಿನಿಂದ ಅರಿಯಬೇಕಾದ ಕಷ್ಟ ತಪ್ಪಿತು.

ಗೋಧಿ ಹಿಟ್ಟನ್ನು ಕಲಸಿ ನೀರಿನಲ್ಲಿ ತೊಳೆದರೆ ಪಿಷ್ಟವು ನೀರಿನೊಡನೆ ಹೋಗಿ ಅಂಟಂಟಾದ ಮುದ್ದೆಯೊಂದು ಕೈಯಲ್ಲಿ ಉಳಿಯುತ್ತದೆ. ಈ ಅಂಟಿನ ಪ್ರೋಟೀನೇ ಗ್ಲುಟನ್. ಬ್ರೆಡ್ಡು ಉಬ್ಬುವುದೂ ಚಪಾತಿಯ ಹಿಟ್ಟು ಹರಿಯದೆ ಲಟ್ಟಿಸಿಕೊಳ್ಳುವುದೂ ಇದರ ಗುಣದಿಂದಲೇ. ತೊಳೆದು ತೆಗೆದ ಪಿಷ್ಟವು ರೋಗಿಗಳಿಗೆ ಹಾನಿ ಮಾಡಲಿಲ್ಲ, ಗ್ಲುಟನ್ ಮಾಡಿತು. 1953ರಲ್ಲಿ ಪ್ರಕಟವಾದ ಲೇಖನಗಳಲ್ಲಿ ಡಚ್ ತಂಡವು, ಗ್ಲುಟನ್ನಿನಲ್ಲಿಯೂ ಮದ್ಯಸಾರದಲ್ಲಿ ಕರಗುವ ಗ್ಲಯಾಡಿನ್ ಎಂಬ ಭಾಗವು ಹಾನಿಕರವೆಂದು ತೋರಿಸಿತು. 1952ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಷಾರ್ಲೆಟ್ ಆಂಡರ್ಸನ್ ಮತ್ತು ಸಂಗಡಿಗರೂ ಗ್ಲುಟನ್ನೇ ಕಾರಣವೆಂಬ ನಿರ್ಣಯಕ್ಕೆ ಬಂದಿದ್ದರು. ಎರಡು ದೇಶಗಳ ತಂಡಗಳು ಒಂದೇ ಉತ್ತರವನ್ನು ಕಂಡುಕೊಂಡುದರಿಂದ ಈ ಸಿದ್ಧಾಂತವು ವೈದ್ಯಲೋಕದಲ್ಲಿ ನೆಲೆಯೂರಿತು.

ಗ್ಲುಟನ್ ಕರುಳಿಗೆ ಏನು ಮಾಡುತ್ತದೆಂಬುದು ಇದರ ಅನಂತರ ಬೆಳಕಿಗೆ ಬಂದಿತು. ಸಣ್ಣ ಕರುಳಿನ ಒಳಗೋಡೆಯಲ್ಲಿ ಆಹಾರಸಾರವನ್ನು ಹೀರುವ ಬೆರಳಿನಾಕಾರದ ಸೂಕ್ಷ್ಮ ಎಳೆಗಳಿರುತ್ತವೆ. ರೋಗಿಗಳಲ್ಲಿ ಇವು ಚಪ್ಪಟೆಯಾಗಿರುವುದನ್ನು 1954ರಲ್ಲಿ ಇಂಗ್ಲೆಂಡಿನ ಪೌಲಿ ವಿವರಿಸಿದರು. ಆನುವಂಶಿಕ ಒಲವುಳ್ಳವರಲ್ಲಿ ಗ್ಲುಟನ್ನಿಗೆ ಪ್ರತಿಯಾಗಿ ದೇಹದ ರಕ್ಷಣಾ ವ್ಯವಸ್ಥೆಯೇ ಕರುಳಿನ ಮೇಲೆ ತಿರುಗಿ ಬೀಳುವುದು ಇದಕ್ಕೆ ಕಾರಣವೆಂದು ಈಗ ತಿಳಿದಿದೆ. ಆಹಾರದಿಂದ ಗ್ಲುಟನ್ನನ್ನು ಪೂರ್ತಿ ತೆಗೆದರೆ ಎಳೆಗಳು ಕ್ರಮೇಣ ಮತ್ತೆ ಚಿಗುರುತ್ತವೆ.

ಕೊನೆಯ ವರ್ಷಗಳು ಮತ್ತು ಗೌರವ

1957ರಲ್ಲಿ ಡಿಕ್ಕೆಯವರು ಉಟ್ರೆಕ್ಟ್ ವಿಶ್ವವಿದ್ಯಾನಿಲಯದಲ್ಲಿ ಮಕ್ಕಳ ವೈದ್ಯಕೀಯದ ಪ್ರಾಧ್ಯಾಪಕರಾದರು. ಅಲ್ಲಿನ ವಿಲ್ಹೆಲ್ಮಿನಾ ಮಕ್ಕಳ ಆಸ್ಪತ್ರೆಯ ನಿರ್ದೇಶನದ ಹೊಣೆಯನ್ನೂ ವಹಿಸಿಕೊಂಡರು. ಈ ಹುದ್ದೆಯಲ್ಲಿ ಅವರು ಹೆಚ್ಚು ಕಾಲ ಇರಲಾಗಲಿಲ್ಲ. 1962ರ ಏಪ್ರಿಲ್ 27ರಂದು, ತಮ್ಮ 57ನೆಯ ವಯಸ್ಸಿನಲ್ಲಿ, ನಿಧನರಾದರು. ನೆದರ್ಲೆಂಡ್ಸಿನ ಜಠರ ಮತ್ತು ಕರುಳು ತಜ್ಞರ ಸಂಘವು ಅವರ ಹೆಸರಿನಲ್ಲಿ ಚಿನ್ನದ ಪದಕವೊಂದನ್ನು ಸ್ಥಾಪಿಸಿದೆ. ಡಿಕ್ಕೆ ಪದಕವನ್ನು ಪಡೆದವರಲ್ಲಿ ಸ್ವತಃ ಅವರೇ ಮೊದಲಿಗರು.

ಗ್ಲುಟನ್‌ರಹಿತ ಆಹಾರಕ್ರಮ ಮತ್ತು ಭಾರತ

ಸೀಲಿಯಾಕ್ ರೋಗವು ಐರೋಪ್ಯರಿಗೆ ಮಾತ್ರ ಬರುವುದೆಂಬ ಭಾವನೆ ಬಹುಕಾಲ ಇತ್ತು. ಭಾರತದಲ್ಲಿಯೂ ಇದು ಕಡಮೆಯಿಲ್ಲವೆಂದು ಈಗ ತಿಳಿದಿದೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇದರ ಪ್ರಮಾಣವು ಉತ್ತರ ಭಾರತದಲ್ಲಿ ಶೇಕಡಾ 1.23ರಷ್ಟು, ದಕ್ಷಿಣದಲ್ಲಿ ಶೇಕಡಾ 0.10ರಷ್ಟು ಕಂಡುಬಂದಿತು. ಆನುವಂಶಿಕ ಒಲವು ಎರಡೂ ಕಡೆ ಹೆಚ್ಚು ಕಡಮೆ ಸಮಾನವಾಗಿದ್ದು, ಗೋಧಿಯ ಬಳಕೆಯಲ್ಲಿ ಬಹಳ ಅಂತರವಿತ್ತು.

ಕರ್ನಾಟಕದ ಸಾಂಪ್ರದಾಯಿಕ ಧಾನ್ಯಗಳಲ್ಲಿ ಬಹುಪಾಲು ಗ್ಲುಟನ್‌ರಹಿತವಾಗಿವೆ. ರಾಗಿ ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ಅಕ್ಕಿ ಮತ್ತು ಉದ್ದಿನ ಇಡ್ಲಿ, ದೋಸೆ, ನವಣೆಯ ಅನ್ನ – ಇವೆಲ್ಲ ಸೀಲಿಯಾಕ್ ರೋಗಿಗಳಿಗೆ ಯೋಗ್ಯವಾದವು. ಚಪಾತಿ, ಪೂರಿ, ಗೋಧಿ ರವೆಯ ಉಪ್ಪಿಟ್ಟು, ಗೋಧಿ ಶಾವಿಗೆ, ಮೈದಾದ ಹೋಳಿಗೆ, ಬ್ರೆಡ್ಡು, ಬಿಸ್ಕತ್ತುಗಳು ವರ್ಜ್ಯ. ಅಂಗಡಿಯ ಇಂಗಿನಲ್ಲಿ ಅನೇಕ ವೇಳೆ ಗೋಧಿ ಹಿಟ್ಟು ಬೆರೆತಿರುತ್ತದೆ. ಗೋಧಿ ಬೀಸಿದ ಗಿರಣಿಯಲ್ಲಿಯೇ ರಾಗಿ ಬೀಸಿದರೂ ಗೋಧಿಯ ಅಂಶ ಸೇರಿಕೊಳ್ಳುತ್ತದೆ. ಗ್ಲುಟನ್‌ರಹಿತವೆಂದು ಮಾರುವ ಆಹಾರದಲ್ಲಿ ಕಿಲೋಗ್ರಾಂ ಒಂದಕ್ಕೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇರಕೂಡದೆಂಬುದು ಅಂತರರಾಷ್ಟ್ರೀಯ ಮಾನದಂಡ. ಭಾರತದ ಆಹಾರ ಸುರಕ್ಷತಾ ನಿಯಮವೂ ಅದನ್ನೇ ಅನುಸರಿಸುತ್ತದೆ.

ಕೊಡುಗೆಯ ಮಹತ್ವ

ಡಿಕ್ಕೆಯವರು ಹೊಸ ಔಷಧವನ್ನು ಕಂಡುಹಿಡಿಯಲಿಲ್ಲ. ದೇಶವೇ ನಿತ್ಯ ತಿನ್ನುತ್ತಿದ್ದ, ಪೌಷ್ಟಿಕವೆಂದು ನಂಬಿದ್ದ ಬ್ರೆಡ್ಡು ಕೆಲವರ ಪಾಲಿಗೆ ವಿಷವೆಂಬುದನ್ನು ಅವರು ಅಳತೆಯಿಂದ ಸಾಧಿಸಿದರು. ಸೀಲಿಯಾಕ್ ರೋಗಕ್ಕೆ ಜೀವನಪರ್ಯಂತ ಗ್ಲುಟನ್‌ರಹಿತ ಆಹಾರವನ್ನು ಪಾಲಿಸುವುದೇ ಇಂದಿಗೂ ಸ್ಥಿರಪಟ್ಟ ಚಿಕಿತ್ಸೆಯಾಗಿದೆ. ಈ ಪಥ್ಯವು ಸುಲಭವಲ್ಲ. ಹಬ್ಬ, ಮದುವೆ, ಪ್ರಯಾಣಗಳಲ್ಲಿಯೂ ಅದನ್ನು ಸಡಿಲಿಸುವಂತಿಲ್ಲ. ಆದರೆ ಅದನ್ನು ಪಾಲಿಸಿದ ಮಗುವಿನ ಬೆಳವಣಿಗೆಯ ರೇಖೆಯು, ಹೇಗ್ ನಗರದ ಆಸ್ಪತ್ರೆಯಲ್ಲಿ ಡಿಕ್ಕೆಯವರು ಗುರುತಿಸಿದಂತೆಯೇ, ಮತ್ತೆ ಮೇಲ್ಮುಖವಾಗುತ್ತದೆ.