ನಡುರಾತ್ರಿಯ ವ್ಯಾಸಂಗ

ಮುಂಬಯಿಯ ಪರೇಲಿನಲ್ಲಿ, ಗಿರಣಿ ಕೂಲಿಕಾರರಿಂದ ತುಂಬಿದ್ದ ಡಬಕ್ ಚಾಳಿನ ಒಂದೇ ಕೋಣೆಯಲ್ಲಿ ನಿವೃತ್ತ ಸುಬೇದಾರ ರಾಮಜಿ ಸಕ್ಪಾಲರ ಸಂಸಾರವಿತ್ತು. ಅಡಿಗೆ, ಊಟ, ನಿದ್ರೆ ಎಲ್ಲವೂ ಅಲ್ಲಿಯೇ. 1891ರ ಏಪ್ರಿಲ್ 14ರಂದು ಮಹೂವಿನಲ್ಲಿ ಜನಿಸಿದ ಭೀಮರಾವ್ ಅಂಬೇಡ್ಕರರು ಆ ಮನೆಯ ಕಿರಿಯ ಮಗ.

ಚಾಳಿನ ಗದ್ದಲವನ್ನು ಈ ನಗರದ ನಾವು ಬಲ್ಲೆವು. ನೆರೆಯವರ ಮಾತು ಕಿವಿಗೆ ಬೀಳುತ್ತಿದ್ದರೆ ಓದಿದ ಸಾಲನ್ನೇ ಮತ್ತೆ ಓದಬೇಕಾಗುತ್ತದೆ. ರಾಮಜಿಯವರು ಇದಕ್ಕೊಂದು ಉಪಾಯ ಕಂಡರು. ಬಾಲಕನು ಹೊತ್ತಿಗೆ ಮುಂಚೆಯೇ ಮಲಗುವನು. ತಂದೆ ಎಚ್ಚರವಿದ್ದು ರಾತ್ರಿ ಎರಡು ಗಂಟೆಗೆ ಅವನನ್ನು ಎಬ್ಬಿಸುವರು. ಆಗ ಚಾಳೆಲ್ಲ ನಿಶ್ಶಬ್ದ. ತಲೆಯ ಬಳಿ ಬೀಸುವ ಕಲ್ಲು, ಕಾಲ ಬಳಿ ಆಡು, ಎದುರಿಗೆ ಸೀಮೆಎಣ್ಣೆಯ ದೀಪ. ಬೆಳಗಿನ ಐದರವರೆಗೆ ವ್ಯಾಸಂಗ. ಜಾಗವನ್ನು ಕೊಡಲಾರದ ತಂದೆ ಹೊತ್ತನ್ನು ಕೊಟ್ಟರು. ಆ ವೃದ್ಧರು ಬಿಟ್ಟ ನಿದ್ರೆಯನ್ನೂ ನಾವು ನೆನೆಯಬೇಕು.

ಆದರೆ ಗದ್ದಲವೊಂದೇ ಅವರಿಗಿದ್ದ ಅಡ್ಡಿಯಲ್ಲ. ಶಾಲೆಯಲ್ಲಿ ಅಸ್ಪೃಶ್ಯತೆಯ ಅವಮಾನವೂ ಇತ್ತು. ಶಾಲೆ ಬಿಟ್ಟ ಮೇಲೆ ಭೀಮರಾಯರು ಚರ್ನಿ ರೋಡಿನ ಉದ್ಯಾನದಲ್ಲಿ ಓದುತ್ತ ಕೂಡುತ್ತಿದ್ದರು. ಅಲ್ಲಿ ಅವರನ್ನು ಕಂಡ ಶಿಕ್ಷಕ ಕೇಳುಸ್ಕರರು ಪುಸ್ತಕಗಳನ್ನಿತ್ತು ಮಾರ್ಗದರ್ಶನ ಮಾಡಿದರು. 1907ರಲ್ಲಿ ಎಲ್ಫಿನ್‌ಸ್ಟನ್ ಶಾಲೆಯಿಂದ ಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು.

1913ರಲ್ಲಿ ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಬಳಿಕ ಲಂಡನ್ನಿನಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಾಲಯದ ಶಾಂತಿ ದೊರೆಯಿತು. ಬಾಗಿಲು ತೆರೆಯುವಾಗ ಒಳಹೊಕ್ಕು, ಮುಚ್ಚುವಾಗ ಹೊರಬರುತ್ತಿದ್ದರು.

ಮುಂದೆ 1930ರ ದಶಕದಲ್ಲಿ ದಾದರಿನ ಹಿಂದೂ ಕಾಲೊನಿಯಲ್ಲಿ ‘ರಾಜಗೃಹ’ವನ್ನು ಕಟ್ಟಿಸಿದಾಗ, ಮೇಲಿನ ಮಹಡಿಯನ್ನು ತಮ್ಮ ಸಾವಿರಾರು ಪುಸ್ತಕಗಳಿಗಾಗಿಯೂ ಬರವಣಿಗೆಗಾಗಿಯೂ ಮೀಸಲಿಟ್ಟರು.